ಸುಣ್ಣದ ಚಿಪ್ಪು

ನನ್ನ ನೆಗೆಣ್ಣಿಯ ನಾಲಿಗೆಯ ಮೇಲೆ ನನಗೆ ಹೊಟ್ಟೆಕಿಚ್ಚಿತ್ತು. ಅವಳ ಮಾತಿನ ಮೇಲಲ್ಲ. ಮಾತಿನಲ್ಲಿ ನಾನೇ ಜೋರು, ಅದು ನಮ್ಮ ಮನೆಯ ಎಮ್ಮೆಗಳಿಗೂ ಗೊತ್ತು. ನಾನು ಹೇಳುತ್ತಿರುವುದು ರುಚಿ ನೋಡುವ ನಾಲಿಗೆಯ ವಿಷಯ.

ನೆಗೆಣ್ಣಿ ಎಂದರೆ ನನ್ನ ಗಂಡನ ಅಣ್ಣನ ಹೆಂಡತಿ. ಶಿರಗುಪ್ಪಿ ಕಡೆಯವಳು, ಏಳನೇ ಇಯತ್ತೆಗೆ ಶಾಲೆ ಬಿಟ್ಟವಳು. ನಾನು ಅಥಣಿಯವಳು. ರಸಾಯನಶಾಸ್ತ್ರದಲ್ಲಿ ಬಿ.ಎಸ್ಸಿ., ಅದರ ಮೇಲೆ ಬಿ.ಎಡ್., ಚಿಕ್ಕೋಡಿಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಕಬ್ಬೂರಿನ ಆಚೆ ನಮ್ಮ ತೋಟದ ಮನೆ. ದಿನಾ ಮುಂಜಾನೆ ಹೆಗಲಿಗೆ ಚೀಲ ಹಾಕಿಕೊಂಡು ಬಸ್ಸಿಗೆ ಹೊರಡುವ ಸೊಸೆ ಆ ಸುತ್ತಲಿನ ತೋಟಗಳಲ್ಲೆಲ್ಲ ನಾನೊಬ್ಬಳೇ. ಬೀಗರು ಬಂದರೆ ಮಾವನವರು ಮೊದಲು ನನ್ನನ್ನೇ ತೋರಿಸುತ್ತಿದ್ದರು. "ಸಣ್ಣ ಸೊಸಿ, ಸಾಲಿ ಕಲಸ್ತಾಳ." ಆಮೇಲೆ ಅವಳ ಕಡೆ ಕೈ ಮಾಡಿ, "ಈಕಿ ದೊಡ್ಡಾಕಿ," ಎನ್ನುತ್ತಿದ್ದರು, ಅಷ್ಟೇ. ಒಂಬತ್ತು ತಿಂಗಳು ಹೀಗೆ ಎಲ್ಲವೂ ನನಗೆ ಅನುಕೂಲವಾಗಿಯೇ ಇರುತ್ತಿತ್ತು. ಕಬ್ಬಿನ ಸುಗ್ಗಿಯ ಮೂರು ತಿಂಗಳು ಮಾತ್ರ ಲೆಕ್ಕ ತಿರುವುಮುರುವಾಗುತ್ತಿತ್ತು.

ನಮ್ಮ ಕಬ್ಬಿನ ಬಹುಪಾಲು ಕಾರ್ಖಾನೆಗೆ ಹೋಗುತ್ತದೆ. ಭಾವ ಸುಗ್ಗಿಯುದ್ದಕ್ಕೂ ಟ್ರ್ಯಾಕ್ಟರ್ ಮೇಲೆಯೇ ಇರುತ್ತಾರೆ. ಉಳಿದ ಕಬ್ಬಿಗೆಂದು ಮಾವನವರು ಹಟ ಹಿಡಿದು ಬೆಲ್ಲದ ಗಾಣ ಇಟ್ಟುಕೊಂಡಿದ್ದಾರೆ. ಗಾಣ ಎಂದರೆ ಈಗ ಎತ್ತು ಸುತ್ತುವುದಲ್ಲ, ಕರೆಂಟಿನ ಯಂತ್ರ. ಆದರೆ ಕೊಪ್ಪರಿಗೆ, ಒಲೆ, ಹಿಂಡಿದ ಕಬ್ಬಿನ ಸಿಪ್ಪೆಯ ಉರಿ ಎಲ್ಲ ಹಳೆಯವೇ.

ಕಬ್ಬಿನ ಹಾಲು ಎಷ್ಟೇ ಸಿಹಿ ಇರಲಿ, ಅದರೊಳಗೆ ಹುಳಿ ಅಡಗಿರುತ್ತದೆ. ಅದನ್ನು ಹಾಗೇ ಬಿಟ್ಟರೆ ಬೆಲ್ಲ ಕಟ್ಟುವುದಿಲ್ಲ, ಅಂಟಂಟಾಗಿ ಕೂತುಬಿಡುತ್ತದೆ. ಅದಕ್ಕೇ ಹಾಲು ಕಾಯುವಾಗ ಸುಣ್ಣದ ನೀರು ಹಾಕುತ್ತಾರೆ. ಹುಳಿ ಆಮ್ಲ, ಸುಣ್ಣ ಪ್ರತ್ಯಾಮ್ಲ. ಎರಡೂ ಕೂಡಿದಾಗ ಒಂದರ ಚುರುಕನ್ನು ಇನ್ನೊಂದು ಮುರಿಯುತ್ತದೆ, ಕೊನೆಗೆ ಲವಣ ಮತ್ತು ನೀರು ಉಳಿಯುತ್ತವೆ. ಹತ್ತನೇ ತರಗತಿಯ ಈ ಪಾಠವನ್ನು ನಾನು ವರ್ಷಾ ವರ್ಷಾ ಮಾಡುತ್ತೇನೆ. ಸುಣ್ಣ ಕಡಿಮೆಯಾದರೆ ಬೆಲ್ಲ ಹಿಟ್ಟಿನ ಮುದ್ದೆಯಂತೆ ಕುಸಿಯುತ್ತದೆ, ಹೆಚ್ಚಾದರೆ ಕರ್ರಗಾಗಿ ಬೂದಿ ರುಚಿ ಬರುತ್ತದೆ. ನಡುವೆ ಎಲ್ಲಿ ನಿಲ್ಲಬೇಕು ಎನ್ನುವುದೇ ಗಾಣದ ವಿದ್ಯೆ. ಕಬ್ಬು ಇವತ್ತು ಕಡಿದದ್ದೋ ಮೊನ್ನೆಯದೋ, ಎರೆಯ ಕಪ್ಪು ನೆಲದ್ದೋ ಕಲ್ಲು ಮಡ್ಡಿಯದೋ, ಅದರ ಮೇಲೆ ಹುಳಿ ದಿನದಿನಕ್ಕೂ ಬೇರೆ. ಹೀಗಾಗಿ ಸುಣ್ಣ ಹಾಕುವವರು ಹಾಲಿನ ರುಚಿ ನೋಡಿಯೇ ಹಾಕಬೇಕು.

ಇಲ್ಲಿಯೇ ನಮ್ಮ ಮನೆಯ ತೊಡಕು. ತಂಬಾಕು ತಿನ್ನುವ ಬಾಯಿ ಸುಣ್ಣದ ಚಿಪ್ಪು ಮುಟ್ಟಬಾರದು ಎನ್ನುವುದು ನಮ್ಮ ಗಾಣದ ಕಟ್ಟಳೆ. ನಮ್ಮ ಕಡೆ ತಂಬಾಕು ಬೆಳೆಯುವ ನಾಡು, ಗಂಡಸರ ಕಿಸೆಯಲ್ಲಿ ತಂಬಾಕಿನ ಚೀಟಿಯ ಜೊತೆ ಸುಣ್ಣದ ಡಬ್ಬಿಯೂ ಇರಲೇಬೇಕು. ಅಂಗೈಯಲ್ಲಿ ಎರಡನ್ನೂ ತಿಕ್ಕಿ ತಿಕ್ಕಿ ದವಡೆಗೆ ಇಟ್ಟುಕೊಂಡವರ ನಾಲಿಗೆ ಸತ್ತುಹೋಗಿರುತ್ತದೆ. ಭಾವ ತಿನ್ನುತ್ತಾರೆ. ಬ್ಯಾಡ ಬ್ಯಾಡ ಎಂದರೂ ನನ್ನ ಗಂಡ ತಿನ್ನುತ್ತಾನೆ. ಆಳುಗಳಂತೂ ಸರಿಯೇ ಸರಿ. ಮಾವನವರು ಅದೆಷ್ಟೋ ವರ್ಷ ಬಾಯಿ ಕಟ್ಟಿ ಸುಣ್ಣ ಹಾಕಿದವರು ಮುಪ್ಪಿನಲ್ಲಿ ಹಲ್ಲುನೋವಿನ ನೆಪಕ್ಕೆ ತಂಬಾಕಿಗೆ ಬಿದ್ದರು. ಬಿದ್ದ ದಿನವೇ ಚಿಪ್ಪು ಕೆಳಗಿಟ್ಟರು, ಆ ಮಟ್ಟಿಗೆ ಸಾಚಾ ಮನುಷ್ಯ. ಮನೆಯಲ್ಲಿ ಉಳಿದ ಚೊಕ್ಕ ನಾಲಿಗೆಗಳು ಎರಡೇ, ಅವಳದು ಮತ್ತು ನನ್ನದು.

ನನಗೇ ಕೊಡುತ್ತಾರೆ ಎಂದು ನಾನು ಲೆಕ್ಕ ಹಾಕಿದ್ದೆ. ಇಡೀ ಚಿಕ್ಕೋಡಿ ತಾಲೂಕಿನಲ್ಲಿ ಬಿ.ಎಸ್ಸಿ. ಓದಿದವರು ಸುಣ್ಣ ಹಾಕುವ ಗಾಣ ಇನ್ನೊಂದಿದೆಯೇ? ಊಟಕ್ಕೆ ಕೂತಾಗ ಮಾವನವರಿಗೆ ಆಮ್ಲ, ಪ್ರತ್ಯಾಮ್ಲ, ಪಿಎಚ್, ಅದನ್ನು ಬಣ್ಣದಿಂದ ತೋರಿಸುವ ಕಾಗದ ಎಲ್ಲವನ್ನೂ ಬಿಡಿಸಿ ಹೇಳಿದೆ. ಅವರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಗೌರವದಿಂದ ಕೇಳಿದರು. ಮರುದಿನ ಗಾಣದಲ್ಲಿ ಒಂದು ಬಟ್ಟಲು ಹಾಲು ತುಂಬಿ ನನ್ನ ಕೈಗೆ ಕೊಟ್ಟರು.

"ಹೆಂಗೈತಿ ಹೇಳವಾ."

"ಛಲೋ ಐತ್ರಿ ಮಾವಾರ. ಸಿಹಿ ಐತಿ."

ಅದೇ ಬಟ್ಟಲನ್ನು ಅವಳಿಗೆ ಕೊಟ್ಟರು. ಅವಳು ಒಂದು ಗುಟುಕು ತೆಗೆದುಕೊಂಡು, ಸೆರಗಿನಿಂದ ಬಾಯಿ ಒರೆಸಿಕೊಂಡು, "ಇದು ನಿನ್ನೆ ಮುಂಜಾನಿ ಕಡದ ಕಬ್ಬರಿ. ಬುಡದ್ದೂ ತುದೀದೂ ಕೂಡೇ ಹಾಕ್ಯಾರ," ಎಂದಳು.

ಮಾವನವರು ಬಟ್ಟಲು ತಿರುಗಿ ಇಸಿದುಕೊಂಡರು. ಗೂಟಕ್ಕೆ ತೂಗುಹಾಕಿದ್ದ ಚಿಪ್ಪನ್ನು ತೆಗೆದು ಅವಳ ಕೈಗೆ ಕೊಟ್ಟರು. ಅರ್ಧ ತೆಂಗಿನ ಚಿಪ್ಪಿಗೆ ಬಿದಿರಿನ ಹಿಡಿಕೆ ಸಿಕ್ಕಿಸಿದ ಸೌಟು ಅದು, ಸುಣ್ಣ ಮೆತ್ತಿ ಮೆತ್ತಿ ಬೆಳ್ಳಗಾಗಿತ್ತು. ಬಂಗಾರದ ಪಾಟಲಿ ಕೊಟ್ಟಿದ್ದರೂ ನನಗೆ ಅಷ್ಟು ಉರಿಯುತ್ತಿರಲಿಲ್ಲ.

ಆಮೇಲೆ ಮೂರು ಸುಗ್ಗಿ ಅವಳದೇ ಕೈ. ಗಾಣದ ಆಳುಗಳಲ್ಲಿ ಅರ್ಧ ಮಂದಿ ಮರಾಠಿಯವರು. ಅವರಿಗೆ ಅವಳು 'ವೈನಿ', ಎಂದರೆ ಅತ್ತಿಗೆ; ನಾನು 'ಬಾಯಾರ', ಎಂದರೆ ಟೀಚರು. "ವೈನಿ ಬರೂತನಕಾ ಥಾಂಬಾ," ಎಂದು ಉರಿ ಇಕ್ಕುವವನು ಕೂಗಿದರೆ ಎಲ್ಲರೂ ಕೈಕಟ್ಟಿ ನಿಲ್ಲುತ್ತಿದ್ದರು. ಅವಳು ಎಮ್ಮೆ ಹಿಂಡುವುದು ಮುಗಿಸಿ ಸಾವಕಾಶ ಬರುತ್ತಿದ್ದಳು. ಮೊದಲು ಒಂದು ಚಿಪ್ಪು ತುಂಬಾ ಸುಣ್ಣದ ನೀರು ಹಾಕುತ್ತಿದ್ದಳು. ಎಂಥ ಹಾಲಿಗೂ ಒಂದು ಬೇಕೇ ಬೇಕು, ಅದಕ್ಕೆ ರುಚಿ ನೋಡುವ ಗರಜಿಲ್ಲ. ಎರಡನೆಯ ಚಿಪ್ಪಿಗೆ ಮೊದಲು ರುಚಿ ನೋಡುತ್ತಿದ್ದಳು. ಕೆಲವೊಮ್ಮೆ ಅರ್ಧ, ಕೆಲವೊಮ್ಮೆ ಕಾಲು, ಕೆಲವೊಮ್ಮೆ ಬರೀ ಚಿಪ್ಪಿನ ಅಂಚಿನಿಂದ ನಾಲ್ಕು ಹನಿ. ಆಮೇಲೆ ಬೆಂಡಿ ಗಿಡದ ಲೋಳೆ ಬೀಳುತ್ತಿತ್ತು, ಹೊಲಸೆಲ್ಲ ನೊರೆಯಾಗಿ ಮೇಲೆ ಬರುತ್ತಿತ್ತು, ಕೆಳಗೆ ಹಾಲು ತಿಳಿಯಾಗಿ ಹೊಳೆಯುತ್ತಿತ್ತು.

ಒಮ್ಮೆ ಅವಳಿಗೆ ಕಾಣದಂತೆ ಶಾಲೆಯಿಂದ ಪಿಎಚ್ ಕಾಗದ ತಂದೆ. ಅವಳು ಚಿಪ್ಪು ಕೆಳಗಿಟ್ಟ ಮೇಲೆ ಹಾಲಿನಲ್ಲಿ ಅದ್ದಿ ನೋಡಿದೆ. ಎಲ್ಲಿ ಇರಬೇಕೋ ಅಲ್ಲೇ ಇತ್ತು. ಮರುದಿನ ನೋಡಿದೆ, ಅಲ್ಲೇ. ಹದಿನೈದು ದಿನ ನೋಡಿದೆ. ಒಂದು ದಿನವಾದರೂ ತಪ್ಪಲಿ ಎಂದು ನಾನು ದೇವರಿಗೆ ಕೈ ಮುಗಿದು ಬೇಡಿಕೊಂಡದ್ದು ನಿಜ. ನನ್ನ ಕೈಯ ಕಾಗದವೂ ಅವಳ ಪಕ್ಷಕ್ಕೇ ಸೇರಿತ್ತು.

ನಾಲ್ಕನೆಯ ಸುಗ್ಗಿಯಲ್ಲಿ ನಿಪ್ಪಾಣಿ ಪೇಟೆಯ ಒಬ್ಬ ಬೆಲ್ಲದ ವ್ಯಾಪಾರಿ ಬಂದ. ಪೆಂಟೆಯ, ಎಂದರೆ ಬೆಲ್ಲದ ಅಚ್ಚಿನ, ಮೂಲೆ ಮುರಿದು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದ. "ಸುಣ್ಣಾ ಯಾರ ಹಾಕಾವ್ರು?" ಎಂದು ಕೇಳಿದ. ಚಹಾದ ತಟ್ಟೆ ಹಿಡಿದು ನಾನು ಎದುರಿಗೇ ನಿಂತಿದ್ದೆ. ಅವನು ನನ್ನ ಕಡೆ ನೋಡಿದ ಕೂಡಲೇ ಮಾವನವರು, "ಏ ಇಕಿ ಅಲ್ರಿ, ಇಕಿ ಸಾಲಿ ಕಲಸಾಕಿ. ಸುಣ್ಣಾ ನಮ್ಮ ದೊಡ್ಡಾಕಿ," ಎಂದರು. ಬರುವ ರವಿವಾರ ಇನ್ನಿಬ್ಬರನ್ನು ಕರೆದುಕೊಂಡು ಬರುತ್ತೇನೆ, ಬೆಲ್ಲ ಮಾಡುವುದನ್ನು ಅವರಿಗೂ ತೋರಿಸಬೇಕು ಎಂದು ಹೇಳಿ ಅವನು ಹೋದ. 'ಏ ಇಕಿ ಅಲ್ರಿ' ಎನ್ನುವ ಮಾತು ವಾರವಿಡೀ ಬಸ್ಸಿನಲ್ಲೂ ನನ್ನ ಜೊತೆ ಬಂತು.

ಆ ರವಿವಾರ ಮುಂಜಾನೆ ಸುಣ್ಣದ ಗಡಿಗೆ ತಳ ಕಂಡಿತ್ತು. ಸಾಮಾನ್ಯವಾಗಿ ಅವಳೇ ಎಂಟು ಹತ್ತು ದಿನ ಮುಂಚೆ ಸುಣ್ಣದ ಕಲ್ಲು ಅರಳಿಸಿ, ಬಾಯಿ ತೆರೆದ ಗಡಿಗೆಯಲ್ಲಿ ಇಟ್ಟಿರುತ್ತಿದ್ದಳು. ಆ ಸಲ ಒಂದು ಎಮ್ಮೆ ಈದಿತ್ತು, ಅವಳಿಗೆ ಪುರುಸೊತ್ತಾಗಿರಲಿಲ್ಲ. "ತಂಗಿ, ಸುಣ್ಣದ್ದಷ್ಟು ನೋಡವಾ," ಎಂದು ಹೇಳಿ ಕೊಟ್ಟಿಗೆಗೆ ಹೋದಳು. ಅಲ್ಲಿ ಇಲ್ಲಿ ಉಳಿದ ಹಳೆಯ ಸುಣ್ಣ ಇದ್ದೇ ಇರುತ್ತದೆ, ನಾನು ಅದಕ್ಕೆ ನೀರು ಬೆರೆಸಿಡುತ್ತೇನೆ ಎಂದು ಅವಳು ತಿಳಿದಿರಬೇಕು. ನಾನು ಹೊಸ ಕಲ್ಲು ತೆಗೆದುಕೊಂಡು ದೂರ ನಿಂತು ನೀರು ಹುಯ್ದೆ. ಅದು ಬುಸ್ಸೆಂದು ಕುದಿದು, ಬಿರಿದು, ಹಾಲಿನಂತಾಯಿತು. ಆರಿದ ಮೇಲೆ ಗಡಿಗೆಗೆ ತುಂಬಿದೆ.

ಹೊಸ ಸುಣ್ಣ ಬಲು ತೀಕ್ಷ್ಣ. ಹಳೆಯದು ಗಾಳಿಗೆ ಬಾಯಿ ತೆರೆದು ಕೂತು ಕೂತು ತನ್ನ ಬಲವನ್ನು ಅಷ್ಟಷ್ಟೇ ಕಳೆದುಕೊಂಡು ಸೀಮೆಸುಣ್ಣದ ಜಾತಿಗೆ ಹತ್ತಿರವಾಗಿರುತ್ತದೆ. ಅವಳ ಒಂದು ಚಿಪ್ಪಿನ ಅಳತೆ ಹಳೆಯ ಸುಣ್ಣದ ಅಳತೆ. ಇದು ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ನಾನು ಯಾರಿಗಾದರೂ ಹೇಳಬಹುದು, ಆದರೆ ಹಲಗೆಯ ಮೇಲೆ ಆ ಸಮೀಕರಣವನ್ನು ಎಷ್ಟೋ ಸಲ ಬರೆದ ಕೈ ಇದು. ಮೊದಲು ಹೇಳೋಣ ಎಂದುಕೊಂಡೇ ಇದ್ದೆ. ಆಗ ಗಾಡಿಯ ಸಪ್ಪಳವಾಯಿತು, ವ್ಯಾಪಾರಿ ಇಳಿದ, ಅವನ ಹಿಂದೆ ಇಬ್ಬರು ಇಳಿದರು. "ಎಲ್ಲಿ ನಿಮ್ಮ ಸುಣ್ಣದ ಬಾಯಿ?" ಎಂದು ಅವನು ಕೇಳಿದ. ನಾನು ಗಡಿಗೆಗೆ ಮುಚ್ಚಳ ಮುಚ್ಚಿ ಸುಮ್ಮನಾದೆ.

ಅವಳು ಕೊಟ್ಟಿಗೆಯಿಂದ ಗಡಬಡಿಸಿ ಬಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಪಾವಣ್ಯಾರ, ಬಂದ ಅತಿಥಿಗಳ, ಎದುರು ನಾಚಿಕೊಂಡು, ಚಿಪ್ಪು ತುಂಬಿ ಹಾಕಿದಳು. ನಾನು ನಾಲ್ಕು ಹೆಜ್ಜೆ ದೂರದಲ್ಲಿದ್ದೆ. ನಿಲ್ಲು ಎನ್ನಲು ಒಂದು ಉಸಿರು ಸಾಕಿತ್ತು.

ಕೊಪ್ಪರಿಗೆಯ ಬಣ್ಣ ಕಣ್ಣೆದುರಿಗೇ ಬದಲಾಯಿತು. ಬೂದು ಹಸಿರು ಹಾಲು ಹಳದಿಗೆ ತಿರುಗಿ, ಕೆಂಚಗಾಗಿ, ಕಾವು ಏರಿದಂತೆ ಕಂದುಗಟ್ಟಿತು. ಅವಳು ಸೌಟಿನ ತುದಿಯಿಂದ ಆರಿಸಿ ರುಚಿ ನೋಡಿದಳು. ಅವಳ ಮುಖವನ್ನು ನಾನು ನೋಡುತ್ತಿದ್ದೆ, ಅದಕ್ಕೇ ಅಲ್ಲವೇ ನಾನು ನಿಂತದ್ದು. ಕೊಡ ಕೈಜಾರಿ ಬಾವಿಗೆ ಬೀಳುವುದನ್ನು ನೋಡಿದವರ ಹಾಗೆ ಅವಳು ಒಂದು ಗಳಿಗೆ ಹಾಗೇ ನಿಂತಳು.

ಆಮೇಲೆ ಕೂಗಿದಳು. "ಉರಿ ತೆಗೀರಿ! ನಿನ್ನಿನ ಹಾಲು ಐತೇನು ತೊಟ್ಟ್ಯಾಗ?"

ಹಿಂದಿನ ದಿನ ಉಳಿದು ಹುಳಿ ಬಂದಿದ್ದ ಕಬ್ಬಿನ ಹಾಲನ್ನು ಎಮ್ಮೆಗೆಂದು ತೊಟ್ಟಿಯಲ್ಲಿ ಇಟ್ಟಿದ್ದರು. ಅವಳು ಬಕೆಟ್ಟಿನಲ್ಲಿ ತೋಡಿ ತೋಡಿ ಅದನ್ನು ಕೊಪ್ಪರಿಗೆಗೆ ಹುಯ್ದಳು. ಒಂದು ಬಕೆಟ್ಟು, ರುಚಿ. ಇನ್ನೊಂದು, ರುಚಿ. ಇನ್ನರ್ಧ. ಯಾವ ಪುಸ್ತಕವನ್ನೂ ಓದದೆ ಅವಳು ಪ್ರತ್ಯಾಮ್ಲಕ್ಕೆ ಆಮ್ಲ ಹುಯ್ದು ಸರಿಮಾಡುತ್ತಿದ್ದಳು. ಹದಿನಾಲ್ಕು ವರ್ಷ ಪಾಠ ಮಾಡಿದ ನನಗೆ ಆ ತೊಟ್ಟಿಯ ನೆನಪು ಬರುತ್ತಿರಲಿಲ್ಲ. ಅಂಥ ಹೊತ್ತಿನಲ್ಲೂ ನನಗೆ ಆದದ್ದು ಪಶ್ಚಾತ್ತಾಪವಲ್ಲ, ಹೊಟ್ಟೆಕಿಚ್ಚೇ.

ಹಾಲು ಮತ್ತೆ ಹದಕ್ಕೆ ಬಂತು, ಬೆಲ್ಲವೂ ಕಟ್ಟಿತು. ಆದರೆ ಹುಳಿ ಸುಣ್ಣವನ್ನು ಮುರಿದೀತು, ಒಮ್ಮೆ ಏರಿದ ಬಣ್ಣವನ್ನು ಇಳಿಸಲಾರದು. ಪೆಂಟೆಗಳು ಕರ್ರಗಿದ್ದವು. ಬಾಯಿಗಿಟ್ಟರೆ ಕೊನೆಯಲ್ಲಿ ಸಣ್ಣಗೆ ಬೂದಿ ತಗಲುತ್ತಿತ್ತು. ಪಾವಣ್ಯಾರು ಚಹಾ ಕುಡಿದು, ಮಳೆ ಬೆಳೆ ಮಾತಾಡಿ ಎದ್ದು ಹೋದರು. ಬೆಲ್ಲದ ಸುದ್ದಿಯನ್ನೇ ತೆಗೆಯಲಿಲ್ಲ.

"ಏನಾತವಾ?" ಎಂದು ಮಾವನವರು ಕೇಳಿದರು.

"ನನ್ನ ಕೈ ತಪ್ಪಿತ್ರಿ ಮಾವಾರ," ಎಂದಳು ಅವಳು.

ಮಾವನವರು ಅವಳ ಕೈಯಿಂದ ಚಿಪ್ಪು ಇಸಿದುಕೊಂಡರು. ಅದನ್ನು ನನ್ನ ಕೈಗೆ ಕೊಟ್ಟರು. "ನಾಳಿಂದ ನೀ ಹಾಕು. ನಿನ್ನ ಕಾಗದಾನರ ನೋಡೂಣು."

ನಾನು ಬೇಡ ಎನ್ನಬಹುದಿತ್ತು. ಅನ್ನಲಿಲ್ಲ. ತೆಗೆದುಕೊಂಡೆ, ಎರಡೂ ಕೈ ಚಾಚಿ ತೆಗೆದುಕೊಂಡೆ.

ಹದಿನೈದು ದಿನ ಗಳಿಕೆ ರಜೆ ಹಾಕಿದೆ. ಮುಖ್ಯಗುರುಗಳಿಗೆ ಮನೆಯಲ್ಲಿ ತೀರಾ ಅವಶ್ಯಕ ಕೆಲಸವಿದೆ ಎಂದು ಬರೆದುಕೊಟ್ಟೆ. ಸುಣ್ಣದ ನೀರನ್ನು ಅಳತೆ ಪಾತ್ರೆಯಲ್ಲಿ ಅಳೆದು, ಕಾಗದ ಅದ್ದಿ, ಬಣ್ಣದ ಪಟ್ಟಿಯ ಪಕ್ಕ ಹಿಡಿದು ನೋಡಿ, ಮತ್ತೆ ಹನಿ ಹಾಕಿ, ಮತ್ತೆ ಅದ್ದಿ. ಹಾಲಿನ ಬಣ್ಣದಲ್ಲಿ ಕಾಗದದ ಬಣ್ಣ ಸರಿಯಾಗಿ ಕಾಣುತ್ತಿರಲಿಲ್ಲ. ನಾನು ಕಣ್ಣು ಕಿರಿದು ಮಾಡಿ ನೋಡುವಷ್ಟರಲ್ಲಿ ಉರಿ ಇಕ್ಕುವವನು ಎರಡು ಸಲ ತಂಬಾಕು ತಿಕ್ಕಿ ಮುಗಿಸುತ್ತಿದ್ದ. "ಝಾಲಾ ಕಾ ಬಾಯಾರ?" ಎಂದು ಕೇಳುತ್ತಿದ್ದ, ಆಯಿತೇ ಎಂದು. ಬೆಲ್ಲ ಕೆಟ್ಟದ್ದೇನೂ ಆಗಲಿಲ್ಲ. ಛಲೋ ಎಂದು ಯಾರೂ ಅನ್ನಲೂ ಇಲ್ಲ.

ಅವಳು ನೊರೆ ತೆಗೆಯುವ ಕೆಲಸಕ್ಕೆ ನಿಂತಳು. ಮುಖ ಗಂಟು ಹಾಕಲಿಲ್ಲ, ಮಾತು ಬಿಡಲಿಲ್ಲ. ಮೊದಲಿನಂತೆಯೇ ನನಗೆ ಬಿಸಿ ರೊಟ್ಟಿ ಬಡಿದು ಹಾಕುತ್ತಿದ್ದಳು. ನನ್ನ ಕುತಂತ್ರ ಇವಳಿಗೆ ಗೊತ್ತಾಗಿದೆ, ದೊಡ್ಡತನ ತೋರಿಸುತ್ತಿದ್ದಾಳೆ ಎಂದು ನಾನು ಒಳಗೊಳಗೇ ಸಿಡುಕುತ್ತಿದ್ದೆ. ದೊಡ್ಡತನದಲ್ಲೂ ಅವಳೇ ಮುಂದೆ ಹೋಗಬೇಕೇ?

ಒಂದು ಮುಂಜಾನೆ ಅಡಿಗೆಮನೆಯಲ್ಲಿ ಅವಳು ಬ್ಯಾಳಿ ಸಾರು ಕುದಿಸುತ್ತಿದ್ದಳು. ನಾನು ತಲೆ ಬಾಚಿಕೊಳ್ಳುತ್ತಿದ್ದೆ.

"ತಂಗಿ, ಉಪ್ಪು ಸರಿ ಐತೇನ ನೋಡು."

"ನೀನ ನೋಡಕ್ಕಾ, ನನ್ನ ಕೈ ಎಣ್ಣಿ ಆಗ್ಯಾವು."

"ನನಗ ಗೊತ್ತಾಗವಲ್ದ. ಹತ್ತ ಹನ್ನೆಡ್ಡ ದಿನಾ ಆತು, ಏನ ಬಾಯಾಗ ಇಟ್ಟರೂ ಇದು ಖರೇ ರುಚಿನೋ ಸುಳ್ಳೋ ಅನ್ನಸ್ತೈತಿ." ಅವಳು ನನ್ನ ಕಡೆ ತಿರುಗದೆ ಸಾರು ತಿರುವುತ್ತಲೇ ಹೇಳಿದಳು. "ನಾ ದಿನಾ ಹಾಕೂದು ಒಂದ ಚಿಪ್ಪು. ಅವತ್ತೂ ಒಂದ ಹಾಕಿದ್ನಿ. ಕಣ್ಣಿಗೂ ಗೊತ್ತಾಗಲಿಲ್ಲ, ಮೂಗಿಗೂ ಗೊತ್ತಾಗಲಿಲ್ಲ. ಹುಳಿ ಹುಯ್ದು ಸರಿ ಆತು ಅಂತ ನಾಲಿಗಿ ಹೇಳಿದ ಮ್ಯಾಲೂ ಬೂದಿ ಉಳೀತು, ನನ್ನ ನಾಲಿಗಿ ಕೆಟ್ಟೈತವಾ. ಇದೊಂದ ಇತ್ತು, ಇದೂ ಹೋತು."

ಅವಳಿಗೆ ಏನೂ ಗೊತ್ತಾಗಿರಲಿಲ್ಲ. ಮಾವನವರ ಎದುರು ಕೈ ತಪ್ಪಿತು ಎಂದದ್ದು ದೊಡ್ಡತನಕ್ಕಲ್ಲ, ನಿಜವಾಗಿಯೂ ತಪ್ಪಿತು ಎಂದು ನಂಬಿ ಹೇಳಿದ್ದಳು. ನನಗೆ ನೌಕರಿ ಇತ್ತು, ಚೀಲ ಇತ್ತು, ಬಸ್ಸು ಇತ್ತು, ಬೀಗರ ಎದುರು ಮೊದಲ ಹೆಸರು ನನ್ನದಿತ್ತು. ಅವಳ ಹತ್ತಿರ ಇದ್ದದ್ದು ಇದೊಂದೇ. ನಾನು ಕಸಿದುಕೊಂಡದ್ದು ತೆಂಗಿನ ಚಿಪ್ಪನ್ನು ಎಂದುಕೊಂಡಿದ್ದೆ. ಸಾರಿಗೆ ಉಪ್ಪು ನೋಡುವ ಧೈರ್ಯವನ್ನೂ ಕಸಿದುಕೊಂಡಿದ್ದೆ.

ಉಪ್ಪು ಸರಿ ಇದೆ ಎಂದೆ. ಅಷ್ಟೇ ಅಂದೆ. ಅಲ್ಲಿಯೇ ಹೇಳಿಬಿಡುವಷ್ಟು ಒಳ್ಳೆಯವಳು ನಾನಲ್ಲ. ಅದಕ್ಕೆ ಇನ್ನೂ ಎರಡು ದಿನ ಹಿಡಿಯಿತು. ಆ ಎರಡು ದಿನವೂ ನಾನೇ ಸುಣ್ಣ ಹಾಕಿದೆ.

ಮೂರನೆಯ ದಿನ ಗಾಣದಲ್ಲಿ ಕೊಪ್ಪರಿಗೆ ತುಂಬಿತ್ತು, ಉರಿ ಹತ್ತಿತ್ತು. ಮಾವನವರು ಸಿಪ್ಪೆಯ ಗುಡ್ಡೆಗೆ ಒರಗಿ ಕೂತಿದ್ದರು. ಆಳುಗಳು ನನ್ನ ಕಾಗದಕ್ಕೆ ಕಾಯುತ್ತಿದ್ದರು. ನಾನು ಚಿಪ್ಪು ಎತ್ತಿಕೊಂಡವಳು ಗಡಿಗೆಗೆ ಅದ್ದಲಿಲ್ಲ.

"ಮಾವಾರ, ಅವತ್ತ ಅಕ್ಕನ ಕೈ ತಪ್ಪಿರಲಿಲ್ರಿ," ಎಂದೆ. "ಸುಣ್ಣಾ ಅವತ್ತ ಮುಂಜಾನಿ ಅರಳಿಸಿದ್ದು. ಒಂದ ಚಿಪ್ಪು ಹಾಕಿದರ ಹೆಚ್ಚಾಗ್ತೈತಿ ಅಂತ ನನಗ ಗೊತ್ತಿತ್ತು. ಬೇಕಂತ ಹೇಳಲಿಲ್ಲ."

ಮರಾಠಿ ಆಳಿಗೂ ಅಷ್ಟು ಕನ್ನಡ ಬರುತ್ತಿತ್ತು. ಅವನು ಉರಿ ಇಕ್ಕುವುದನ್ನು ಬಿಟ್ಟು ನನ್ನ ಮುಖ ನೋಡಿದ. ಮಾವನವರು ದವಡೆಯ ತಂಬಾಕನ್ನು ಉಗುಳಿ ಎದ್ದು ನಿಂತರು. ಏನು ಬೈದರೂ ಕೇಳುವುದೇ ಎಂದು ನಾನು ತಲೆ ತಗ್ಗಿಸಿದೆ. ಅವರು ಅವಳ ಕಡೆ ತಿರುಗಿದರು. ನಾನು ಕಾಯುತ್ತಿದ್ದದ್ದು ಅವಳ ಬೈಗುಳಕ್ಕೆ. ಅವಳು ಬೈದರೆ ನಾನೂ ನಾಲ್ಕು ಮಾತು ಆಡಬಹುದು, ಅತ್ತು ಕರೆದು ಸರಿಸಮ ಆಗಬಹುದು ಎಂದು ನನ್ನ ಆಸೆ.

ಅವಳು ನೊರೆಯ ಜರಡಿ ಕೆಳಗಿಟ್ಟು ಹತ್ತಿರ ಬಂದಳು.

"ಹಂಗಾರ ನನ್ನ ನಾಲಿಗಿ ಕೆಟ್ಟಿಲ್ಲಾ?"

"ಇಲ್ಲಕ್ಕಾ."

"ಖರೇ ಹೇಳ. ಕೆಟ್ಟಿಲ್ಲಾ?"

"ಖರೇ. ನಾ ಕಾಗದಾ ಹಚ್ಚಿ ಹದಿನೈದ ದಿನಾ ನೋಡೇನಿ. ಒಂದ ದಿನಾನೂ ತಪ್ಪಿಲ್ಲ ನೀನು."

ಅವಳ ಕಣ್ಣು ತುಂಬಿ ಬಂದವು. ಸೆರಗಿನಿಂದ ಒರೆಸಿಕೊಂಡು ನಕ್ಕಳು. ನನ್ನನ್ನು ನೋಡಿ ನಕ್ಕದ್ದಲ್ಲ, ಕೊಪ್ಪರಿಗೆಯ ಕಡೆ ನೋಡಿ ನಕ್ಕದ್ದು. ನನ್ನ ಮೇಲೆ ಸಿಟ್ಟಾಗಲಿಕ್ಕೂ ಅವಳಿಗೆ ಆಗ ಪುರುಸೊತ್ತಿರಲಿಲ್ಲ. ನನ್ನ ಬೆರಳುಗಳಿಂದ ಚಿಪ್ಪನ್ನು ಬಿಡಿಸಿಕೊಂಡು, ಗಡಿಗೆಯ ಸುಣ್ಣವನ್ನು ಮೂಸಿ, ಹಾಲು ಆರಿಸಿ ಬಾಯಿಗೆ ಹಾಕಿಕೊಂಡಳು. ಮತ್ತೊಮ್ಮೆ ಹಾಕಿಕೊಂಡಳು. ಒಮ್ಮೆ ಸಾಕಾಗಿತ್ತು, ಎರಡನೆಯದು ಬರೀ ಸಂತೋಷಕ್ಕೆ. ಗಾಣದ ಮಂದಿಯೆಲ್ಲ ಅವಳ ಬಾಯನ್ನೇ ನೋಡುತ್ತ ನಿಂತಿದ್ದರು. ಹೇಳಿಬಿಟ್ಟರೆ ನನ್ನ ಎದೆ ಹಗುರಾಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ. ಆ ಎರಡನೆಯ ಗುಟುಕು ನೋಡಿ ನನ್ನ ಹೊಟ್ಟೆ ಮೊದಲಿಗಿಂತ ಹೆಚ್ಚು ಉರಿಯಿತು.

ಅವಳು ಅರ್ಧ ಚಿಪ್ಪು ಸುಣ್ಣ ತೋಡಿ ಕೊಪ್ಪರಿಗೆಯತ್ತ ತಿರುಗಿದಳು. ದಾರಿಗೆ ಅಡ್ಡ ನಾನಿದ್ದೆ.

"ಹಿಂದಕ ಸರಿ ತಂಗಿ," ಎಂದಳು, "ಉರಿ ಬಡೀತೈತಿ."

ನಾನು ಸರಿದು ನಿಂತೆ.